ಬಿಡಿಸಿದ ಪದ, ಬಿಡಿಯಾಗದ ಅರ್ಥ

ಇಂಗ್ಲಿಷಿನಲ್ಲಿ ನಿನಗೆ ಗೊತ್ತಿರುವ ಅತಿ ಉದ್ದದ ಪದ ಯಾವುದು ಎಂದು ಕೇಳಿದರೆ ಹೈಸ್ಕೂಲು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುವ ಪದವೊಂದಿದೆ: ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ. ರೋಮನ್ ಲಿಪಿಯಲ್ಲಿ 28 ಅಕ್ಷರ, ನಾಲಿಗೆಯ ಮೇಲೆ 12 ಉಚ್ಚಾರಾಂಶ. ನೋಡಿದರೆ ಭಯವಾದರೂ ಬಿಡಿಸುವುದು ಸುಲಭ. ಆಂಟಿ ಎಂದರೆ ವಿರೋಧ, ಡಿಸ್ ಎಂದರೆ ಕಳಚುವುದು, ಎಸ್ಟಾಬ್ಲಿಷ್ ಎಂದರೆ ಸ್ಥಾಪಿಸುವುದು. ಮೆಂಟ್ ಎಂಬುದು ಕ್ರಿಯೆಯನ್ನು ನಾಮಪದ ಮಾಡುವ ಪ್ರತ್ಯಯ, ಏರಿಯನ್ ಆ ಪಕ್ಷದವನನ್ನು ಹೇಳುತ್ತದೆ, ಇಸಂ ಅವನ ವಾದವನ್ನು. ಆರನ್ನೂ ಜೋಡಿಸಿದರೆ ‘ಸ್ಥಾಪಿತವಾದದ್ದನ್ನು ಕಳಚಕೂಡದು ಎನ್ನುವವರ ವಾದ’ ಎಂದಾಗುತ್ತದೆ. ಲೆಕ್ಕ ಸರಿಹೋಯಿತು, ಒಂದು ತುಂಡೂ ಮಿಕ್ಕಲಿಲ್ಲ. ಆದರೆ ಈ ಪದ ಏನನ್ನು ಕುರಿತದ್ದು ಎಂಬುದು ಆ ಆರರಲ್ಲಿ ಯಾವುದರಲ್ಲೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಚರ್ಚಿಗೂ ಪ್ರಭುತ್ವಕ್ಕೂ ಇರುವ ನಂಟಿನ ಮೇಲೆ ನಡೆದ ದೊಡ್ಡ ಜಗಳದಿಂದ ಬಂದ ಪದ ಇದು. ಇಂಗ್ಲೆಂಡಿನ ಚರ್ಚು ಕಾನೂನಿನಿಂದ ಸ್ಥಾಪಿತವಾದದ್ದು. ಅರಸನೇ ಅದರ ಲೌಕಿಕ ಒಡೆಯ. ಅದರ 26 ಬಿಷಪ್ಪರಿಗೆ ಇಂದಿಗೂ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸ್ಥಾನವಿದೆ. ಈ ನಂಟನ್ನು ಕಡಿಯಬೇಕು ಎಂದವರು ಒಂದು ಕಡೆ, ಕೂಡದು ಎಂದವರು ಇನ್ನೊಂದು ಕಡೆ ನಿಂತರು. ಐರ್ಲೆಂಡಿನ ಮಟ್ಟಿಗೆ 1869ರ ಕಾಯಿದೆ ಅದನ್ನು ಕಡಿಯಿತು. ವೇಲ್ಸಿನ ಮಟ್ಟಿಗೆ 1914ರ ಕಾಯಿದೆ ಕಡಿಯಿತು, ಅದು ಜಾರಿಗೆ ಬಂದದ್ದು 1920ರಲ್ಲಿ. ಇಂಗ್ಲೆಂಡಿನಲ್ಲಿ ನಂಟು ಉಳಿದಿದೆ. ಚರ್ಚು, ಅರಸ, ಇಂಗ್ಲೆಂಡು, ಈ ಮೂರನ್ನು ಬಿಟ್ಟರೆ ಆ ಪದಕ್ಕೆ ಅರ್ಥವೇ ಇಲ್ಲ. ಪದದ ಒಳಗೆ ಎಲ್ಲಿ ಹುಡುಕಿದರೂ ಆ ಮೂರು ಸಿಗುವುದಿಲ್ಲ.

ಹಾಗಾದರೆ ಬಿಡಿಸಿದಾಗ ನಮ್ಮ ಕೈಗೆ ಬಂದದ್ದೇನು? ಅರ್ಥ ಮೊದಲು ಬಿಡಿಗಳಲ್ಲಿದ್ದು ಆಮೇಲೆ ಇಡಿಗೆ ಹರಿದು ಬರುತ್ತದೆಯೋ, ಇಡಿಯಲ್ಲಿದ್ದು ಆಮೇಲೆ ಬಿಡಿಗಳಿಗೆ ಹಂಚಿಹೋಗುತ್ತದೆಯೋ ಎಂಬುದು ಭಾರತದಲ್ಲೂ ಗ್ರೀಸಿನಲ್ಲೂ ಬಹಳ ಹಿಂದಿನಿಂದ ಕೇಳುತ್ತ ಬಂದ ಪ್ರಶ್ನೆ. ಅರ್ಥ ಇಡಿಯದು, ಬಿಡಿಗೆ ಅದು ಇಡಿಯಿಂದ ಬಂದ ಪಾಲು ಎಂಬುದು ನನ್ನ ನಿಲುವು. ಉದ್ದುದ್ದ ಇಂಗ್ಲಿಷ್ ಪದಗಳು ಇದಕ್ಕೆ ಒದಗಿಸುವಷ್ಟು ಸಾಕ್ಷ್ಯವನ್ನು ಬೇರೆ ಯಾವುದೂ ಒದಗಿಸಲಾರದು ಎನಿಸುತ್ತದೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳಿಂದ ಕಟ್ಟಿದವು, ಕಟ್ಟಿದ ಗುರುತು ಮೈಮೇಲೆ ಹಾಗೇ ಇರುವಂಥವು. ನಮ್ಮಲ್ಲಿ ಲಕ್ಷಾಂತರ ಮಕ್ಕಳು ಇಂಗ್ಲಿಷ್ ಕಲಿಯುವುದೇ ಈ ತುಂಡುಗಳ ಪಟ್ಟಿಯನ್ನು ಬಾಯಿಪಾಠ ಮಾಡಿ. ಧರ್ಮದ ಮಾತಿಗೆ ಬಂದರಂತೂ ತುಂಡುಗಳನ್ನು ನೆಚ್ಚಿದವರು ದೇವರ ಸ್ವರೂಪವನ್ನೇ ಪದಚ್ಛೇದದಿಂದ ತೀರ್ಮಾನಿಸಲು ಹೋಗಿದ್ದಾರೆ. ಆದ್ದರಿಂದ ಇದನ್ನು ವ್ಯಾಕರಣದವರಿಗೆ ಬಿಟ್ಟು ಸುಮ್ಮನಾಗುವ ಹಾಗಿಲ್ಲ.

ಮೊದಲಿಗೆ, ಪದವನ್ನು ಕತ್ತರಿಸುವ ಕ್ರಮ ಒಂದಲ್ಲ, ಎರಡು. ಅವೆರಡೂ ಒಂದೇ ಜಾಗದಲ್ಲಿ ಕತ್ತರಿಸುವುದಿಲ್ಲ. ಕಿವಿ ಉಚ್ಚಾರಾಂಶಗಳಾಗಿ ಕತ್ತರಿಸುತ್ತದೆ, ಬುದ್ಧಿ ಅರ್ಥದ ತುಂಡುಗಳಾಗಿ. ಹೆಲಿಕಾಪ್ಟರ್ ಎಂಬ ಪದವನ್ನು ತೆಗೆದುಕೊಳ್ಳಿ. 1861ರಲ್ಲಿ ಫ್ರಾನ್ಸಿನ ಗುಸ್ತಾವ್ ದ ಪೊಂಟೊನ್ ದಾಮೆಕೂರ್ ಎಂಬಾತ ಗ್ರೀಕಿನ ಎರಡು ಪದಗಳನ್ನು ಕೂಡಿಸಿ ಇದನ್ನು ಕಟ್ಟಿದ. ಹೆಲಿಕೊ ಎಂದರೆ ಸುರುಳಿ, ಪ್ಟೆರಾನ್ ಎಂದರೆ ರೆಕ್ಕೆ. ಅರ್ಥ ನೋಡಿ ಕತ್ತರಿಸಿದರೆ ಹೆಲಿಕೊ-ಪ್ಟರ್. ಆದರೆ ಇಂಗ್ಲಿಷ್ ನಾಲಿಗೆ ‘ಪ್ಟ’ ಎಂದು ಒಂದು ಭಾಗವನ್ನು ಆರಂಭಿಸಲಾರದು. ಅದು ಹೆ-ಲಿ-ಕಾಪ್-ಟರ್ ಎನ್ನುತ್ತದೆ. ನಾಲಿಗೆಯ ಕತ್ತರಿ ರೆಕ್ಕೆಯ ನಡುವೆಯೇ ಹಾಯುತ್ತದೆ. ನೋಹ್ ವೆಬ್‌ಸ್ಟರ್ 1783ರಲ್ಲಿ ಅಮೆರಿಕದ ಮಕ್ಕಳಿಗಾಗಿ ಕಾಗುಣಿತದ ಪುಸ್ತಕ ಬರೆದಾಗ ಇಂಥದೇ ಪ್ರಶ್ನೆಯನ್ನು ಎದುರಿಸಿದ. ಹಳೆಯ ಪಾಠಪುಸ್ತಕಗಳು ಕ್ಲ-ಸ್ಟರ್ ಎಂದು ಬಿಡಿಸುತ್ತಿದ್ದ ಪದವನ್ನು ಅವನು ಆಡುವ ಹಾಗೆಯೇ ಕ್ಲಸ್-ಟರ್ ಎಂದು ಬಿಡಿಸಿದ. ಎರಡು ತುಂಡಾಗಿ ಕಲಿಸುತ್ತಿದ್ದ ‘-ಶನ್’ ಎಂಬ ಕೊನೆಯನ್ನು ಒಂದೇ ತುಂಡು ಮಾಡಿದ. ಇಂದಿಗೂ ಡೆಮಾಕ್ರಸಿ ಎಂಬ ಪದ ಸಾಲಿನ ಕೊನೆಯಲ್ಲಿ ಮುರಿಯಬೇಕಾಗಿ ಬಂದರೆ ಅಮೆರಿಕದ ಮುದ್ರಕರ ರೂಢಿ ಉಚ್ಚಾರದ ಕಡೆಗೆ ವಾಲುತ್ತದೆ, ಬ್ರಿಟಿಷರ ಹಳೆಯ ರೂಢಿ ವ್ಯುತ್ಪತ್ತಿಯ ಕಡೆಗೆ. ಕನ್ನಡದವರಿಗೆ ಇದು ಹೊಸದಾಗಿ ಕಾಣಬೇಕಿಲ್ಲ. ‘ಪುಸ್ತಕ’ವನ್ನು ನಾವು ಪು-ಸ್ತ-ಕ ಎಂದು ಬರೆಯುತ್ತೇವೆ, ಪುಸ್-ತ-ಕ ಎಂದು ಆಡುತ್ತೇವೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬ ಛಂದಸ್ಸಿನ ನಿಯಮ ಲಿಪಿಯ ಕತ್ತರಿಯನ್ನು ಬಿಟ್ಟು ಕಿವಿಯ ಕತ್ತರಿಯನ್ನು ಒಪ್ಪಿಕೊಂಡದ್ದರ ಫಲ. ಒಂದೇ ಪದಕ್ಕೆ ಎರಡು ಮೂರು ಬಗೆಯ ಬಿಡಿಗಳಿರಬಹುದು ಎಂದ ಮೇಲೆ, ಯಾವ ಬಿಡಿಯನ್ನು ‘ನಿಜವಾದ ಬಿಡಿ’ ಎನ್ನಬೇಕು ಎಂಬುದು ಪದದಿಂದ ತಾನಾಗಿ ತೀರ್ಮಾನವಾಗುವುದಿಲ್ಲ.

ಎದುರು ಪಕ್ಷದ ವಾದ ಬಲವಾಗಿದೆ, ಅದನ್ನು ಪೂರ್ತಿಯಾಗಿಯೇ ಹೇಳಬೇಕು. ಬಿಡಿಗಳಿಗೆ ತಮ್ಮದೇ ಅರ್ಥ ಇಲ್ಲದಿದ್ದರೆ ಎಂದೂ ಕೇಳದ ಪದವನ್ನು ನಾವು ತಿಳಿಯುವುದು ಹೇಗೆ? ‘ಅನ್‌ಬ್ರೇಕಬಲ್’ ಎಂಬುದನ್ನು ಮೊದಲ ಸಲ ಓದಿದವನಿಗೂ ಅದು ಒಡೆಯಲಾಗದ್ದು ಎಂದು ತಿಳಿಯುತ್ತದೆ, ನಿಘಂಟು ಬೇಕಾಗುವುದಿಲ್ಲ. 1984ರಲ್ಲಿ ವಿಲಿಯಂ ನಾಗಿ ಮತ್ತು ರಿಚರ್ಡ್ ಆಂಡರ್ಸನ್ ಶಾಲಾ ಪುಸ್ತಕಗಳ ಇಂಗ್ಲಿಷನ್ನು ಪರಿಶೀಲಿಸಿ, ಮಕ್ಕಳಿಗೆ ಎದುರಾಗುವ ಹೊಸ ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಅರ್ಥವನ್ನು ಅವುಗಳ ಭಾಗಗಳಿಂದ ಊಹಿಸಬಹುದು ಎಂದು ತೋರಿಸಿದರು. ಅದಕ್ಕೂ ಹಿಂದೆ, 1958ರಲ್ಲಿ, ಜೀನ್ ಬರ್ಕೊ ಇನ್ನೂ ಹರಿತವಾದ ಪ್ರಯೋಗ ಮಾಡಿದ್ದರು. ಹಕ್ಕಿಯಂಥ ಒಂದು ಕಾಲ್ಪನಿಕ ಪ್ರಾಣಿಯ ಚಿತ್ರ ತೋರಿಸಿ ಇದು ‘ವಗ್’ ಎಂದು ಪುಟ್ಟ ಮಕ್ಕಳಿಗೆ ಹೇಳುವುದು. ಎರಡನ್ನು ತೋರಿಸಿ ಈಗ ಇಲ್ಲಿ ಎರಡು ಏನಿವೆ ಎಂದು ಕೇಳುವುದು. ಮಕ್ಕಳು ‘ವಗ್ಸ್’ ಎಂದರು, ಅದೂ ಕೊನೆಯ ಧ್ವನಿಯನ್ನು ಸರಿಯಾಗಿ ‘ಜ಼್’ ಮಾಡಿ. ಇಲ್ಲದ ಪ್ರಾಣಿಯ ಬಹುವಚನವನ್ನು ಅವರು ಎಲ್ಲಿಂದಲೂ ಕೇಳಿ ಕಲಿತಿರಲಾರರು. ಆ ಪುಟ್ಟ ಪ್ರತ್ಯಯ ಅವರ ಮನಸ್ಸಿನಲ್ಲಿ ಸ್ವತಂತ್ರವಾಗಿ ಕೆಲಸ ಮಾಡುತ್ತಿತ್ತು. ನಮ್ಮ ಮೀಮಾಂಸಕರ ವಾದದ ತಿರುಳೂ ಇದೇ: ಬಿಡಿಪದಗಳಿಗೆ ಗೊತ್ತಾದ ಅರ್ಥವಿರುವುದರಿಂದಲೇ ಎಂದೂ ಕೇಳದ ವಾಕ್ಯ ನಮಗೆ ತಿಳಿಯುತ್ತದೆ. ಅವರಲ್ಲೊಬ್ಬನಾದ ಕುಮಾರಿಲಭಟ್ಟ, ಶಬ್ದ ಅಖಂಡವಾದದ್ದು ಎನ್ನುವ ಸ್ಫೋಟವಾದವನ್ನು ಖಂಡಿಸಿದ್ದರ ಹಿಂದೆ ಈ ಕಾಳಜಿಯೂ ಇತ್ತು. ಬಿಡಿಗಳೆಲ್ಲ ಕಲ್ಪಿತ ಎಂದುಬಿಟ್ಟರೆ, ಬಿಡಿಗಳನ್ನೇ ಆಧರಿಸಿ ನಡೆಯುವ ಯಜ್ಞವಿಧಿಯ ವಿಚಾರ ಎಲ್ಲಿ ನಿಲ್ಲಬೇಕು?

ಬಿಡಿಗೆ ಬಲವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಬಲ ಅದಕ್ಕೆ ಎಲ್ಲಿಂದ ಬಂತು ಎಂಬುದು ನನ್ನ ಪ್ರಶ್ನೆ. ಬರ್ಕೊ ಅವರ ಪ್ರಯೋಗದ ಮಕ್ಕಳಿಗೆ ‘ಸ್ ಎಂದರೆ ಬಹುವಚನ’ ಎಂದು ಯಾರೂ ಪಾಠ ಹೇಳಿರಲಿಲ್ಲ. ಅವರು ಕೇಳಿದ್ದು ಡಾಗ್ಸ್, ಬೆಡ್ಸ್, ಟಾಯ್ಸ್ ಎಂಬ ಇಡೀ ಪದಗಳನ್ನು, ಅವನ್ನೂ ಇಡೀ ಮಾತುಗಳ ಒಳಗೆ. ಹಲವು ಇಡಿಗಳನ್ನು ಒಟ್ಟಿಗೆ ಬಲ್ಲ ಮನಸ್ಸು ಅವುಗಳಲ್ಲಿ ಸಮಾನವಾದದ್ದನ್ನು ಸೋಸಿಕೊಂಡಿತು, ಸೋಸಿಕೊಂಡದ್ದನ್ನು ಹೊಸದಕ್ಕೆ ಅಂಟಿಸಿತು. ಹಾಗಾಗಿ ಕಲಿಕೆಯಲ್ಲಿ ಇಡಿ ಮೊದಲು, ಬಿಡಿ ಆಮೇಲೆ. ಇದು ಊಹೆ ಎನ್ನುವವರಿಗೆ ಭಾಷೆಯ ಇತಿಹಾಸವೇ ಉತ್ತರ ಕೊಡುತ್ತದೆ, ಏಕೆಂದರೆ ಇಡಿಯಿಂದ ಬಿಡಿ ಹುಟ್ಟಿದ್ದನ್ನು ಕಣ್ಣಾರೆ ಕಾಣಬಹುದಾದ ಪದಗಳಿವೆ. ನಾವು ದಿನವೂ ಆಡುವ ‘ಬಸ್ಸು’ ಅಂಥದು. 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಮತ್ತು ಪ್ಯಾರಿಸ್ ನಗರಗಳಲ್ಲಿ, 1829ರಲ್ಲಿ ಲಂಡನ್ನಿನಲ್ಲಿ, ದುಡ್ಡು ಕೊಟ್ಟ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗಳು ಓಡತೊಡಗಿದವು. ಅವಕ್ಕೆ ಆಮ್ನಿಬಸ್ ಎಂಬ ಲ್ಯಾಟಿನ್ ಹೆಸರು ಬಂತು, ‘ಎಲ್ಲರಿಗೆ’ ಎಂದು ಅರ್ಥ. ಅದರಲ್ಲಿ ‘ಎಲ್ಲ’ ಎಂಬ ಅರ್ಥದ ಪ್ರಕೃತಿ ಮುಂಭಾಗದಲ್ಲಿದೆ. ಕೊನೆಯ ‘ಬಸ್’ ಎಂಬುದು ಬಹುವಚನದ ಚತುರ್ಥೀ ವಿಭಕ್ತಿ ಪ್ರತ್ಯಯ, ನಮ್ಮ ‘ಎಲ್ಲರಿಗೆ’ಯ ‘ರಿಗೆ’ ಇದ್ದ ಹಾಗೆ. ಜನ ಆ ಪದವನ್ನು ಚಿಕ್ಕದು ಮಾಡಿದಾಗ ಅರ್ಥವಿದ್ದ ಪ್ರಕೃತಿಯನ್ನು ಬಿಟ್ಟು ಬರೀ ಪ್ರತ್ಯಯವನ್ನು ಉಳಿಸಿಕೊಂಡರು. ತನ್ನಷ್ಟಕ್ಕೆ ಏನನ್ನೂ ಹೆಸರಿಸಲಾರದ ವಿಭಕ್ತಿ ಪ್ರತ್ಯಯ ಇಂದು ಜಗತ್ತಿನ ಹತ್ತಾರು ಭಾಷೆಗಳಲ್ಲಿ ಒಂದು ವಾಹನದ ಹೆಸರು. ಗಾಡಿಯ ಅರ್ಥ ‘ಬಸ್’ಗೆ ಬಂದದ್ದು ಇಡೀ ಪದ ಬೀದಿಯಲ್ಲಿ ಓಡುತ್ತಿದ್ದುದರಿಂದ.

ಇದು ಒಂಟಿ ಉದಾಹರಣೆಯಲ್ಲ. ಹೆಲಿಕಾಪ್ಟರಿನಿಂದ ಜನ ‘ಹೆಲಿ’ಯನ್ನು ಮುರಿದುಕೊಂಡು ಹೆಲಿಪೋರ್ಟ್, ಹೆಲಿಪ್ಯಾಡ್ ಎಂದರು, ಗ್ರೀಕಿನಲ್ಲಿ ಅಂಥ ತುಂಡೇ ಇರಲಿಲ್ಲ. ಹ್ಯಾಂಬರ್ಗ್ ಎಂಬ ಊರಿನ ಹೆಸರಿನಿಂದ ಬಂದ ಹ್ಯಾಂಬರ್ಗರ್‌ನ ಬಾಲ ಬೇರೆಯಾಗಿ ತಿನಿಸಿನ ಹೆಸರಾಯಿತು. ಅಮೆರಿಕದ ಪಾದ್ರಿಯೂ ಧರ್ಮದ ಮನಶ್ಶಾಸ್ತ್ರದ ಮೇಷ್ಟರೂ ಆಗಿದ್ದ ವೇಯ್ನ್ ಓಟ್ಸ್ ದುಡಿಮೆಯ ಚಟಕ್ಕೆ ಬಿದ್ದವರನ್ನು ವರ್ಕಹಾಲಿಕ್ ಎಂದು ಕರೆದು 1971ರಲ್ಲಿ ಪುಸ್ತಕವನ್ನೇ ಬರೆದರು. ಆಲ್ಕೊಹಾಲ್ ಎಂಬುದರ ಮೂಲ ಅರಬ್ಬಿಯ ‘ಅಲ್-ಕುಹ್ಲ್’, ಕಣ್ಣಿಗೆ ಹಚ್ಚುವ ಕಾಡಿಗೆ. ‘ಅಹಾಲಿಕ್’ ಎಂಬ ತುಂಡು ಅರಬ್ಬಿಯ ಯಾವ ಸಂದಿಯಲ್ಲೂ ಕತ್ತರಿಸಿದ್ದಲ್ಲ, ಆದರೂ ಇಂದು ಅದಕ್ಕೆ ‘ಚಟಕ್ಕೆ ಸಿಕ್ಕವನು’ ಎಂಬ ಅರ್ಥ ಗಟ್ಟಿಯಾಗಿ ನಿಂತಿದೆ. 1972ರಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ ನಡೆದ ಕಳ್ಳಪ್ರವೇಶದ ನಂತರ ‘ಗೇಟ್’ ಎಂದರೆ ಹಗರಣ ಎಂದಾಯಿತು. ನಮ್ಮ ಪತ್ರಿಕೆಗಳೂ ಕಲ್ಲಿದ್ದಲು ಹಂಚಿಕೆಯ ವಿವಾದವನ್ನು ಕೋಲ್‌ಗೇಟ್ ಎಂದವು. ಈ ಬಿಡಿಗಳಲ್ಲಿ ಯಾವುದೂ ಮೊದಲು ಅರ್ಥವನ್ನು ಹೊತ್ತು ಬಂದು ಪದವನ್ನು ಕಟ್ಟಲಿಲ್ಲ. ಪದ ಬಳಕೆಯಲ್ಲಿ ಬೆಳೆಯಿತು, ಆಮೇಲೆ ಒಂದು ತುಂಡು ಅದರ ಅರ್ಥವನ್ನು ಹೊತ್ತುಕೊಂಡು ಹೊರಬಂತು.

ಐದನೆಯ ಶತಮಾನದ ಭರ್ತೃಹರಿ ವಾಕ್ಯಪದೀಯದಲ್ಲಿ ಹೇಳಿದ್ದು ಇದಕ್ಕೆ ಬಹಳ ಹತ್ತಿರ. ಅವನ ಪ್ರಕಾರ ಮಾತಿನ ನಿಜವಾದ ಘಟಕ ಇಡೀ ವಾಕ್ಯ. ಪದಗಳನ್ನು ವಾಕ್ಯದಿಂದಲೂ, ಪ್ರಕೃತಿ ಪ್ರತ್ಯಯಗಳನ್ನು ಪದದಿಂದಲೂ ವೈಯಾಕರಣ ಎತ್ತಿ ಬೇರೆ ಮಾಡುತ್ತಾನೆ. ಈ ಅಪೋದ್ಧಾರ ಕಲಿಯುವವರಿಗೆ ಒದಗುವ ಉಪಾಯ. ವ್ಯಾಕರಣಗಳು ಬೇರೆ ಬೇರೆಯಾದರೆ ಬಿಡಿಸುವ ರೀತಿಯೂ ಬೇರೆಯಾಗಬಹುದು, ಅದರಿಂದ ಅರ್ಥಕ್ಕೆ ಏನೂ ಆಗುವುದಿಲ್ಲ. 1884ರಲ್ಲಿ ಜರ್ಮನಿಯ ಗಣಿತಜ್ಞ ಗಾಟ್ಲೋಬ್ ಫ್ರೆಗೆ, ಪದದ ಅರ್ಥವನ್ನು ವಾಕ್ಯದ ಸಂದರ್ಭದಲ್ಲೇ ಕೇಳಬೇಕು, ಒಂಟಿಯಾಗಿ ಕೇಳಕೂಡದು ಎಂಬ ನಿಯಮವನ್ನು ತನ್ನ ಅಂಕಗಣಿತದ ತಳಹದಿಯ ಪುಸ್ತಕದಲ್ಲಿ ಹಾಕಿಕೊಂಡ. ಭರ್ತೃಹರಿಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಬಿಡಿಗಳು ಬರೀ ಕಲ್ಪನೆ ಎಂಬಷ್ಟು ದೂರ ಹೋಗುವುದಕ್ಕೆ ಬಸ್ಸೂ ಬರ್ಗರೂ ಬಿಡುವುದಿಲ್ಲ. ಇಡಿಯಿಂದ ಹೊರಬಂದ ಬಿಡಿ ಆಮೇಲೆ ತಾನೇ ಹೊಸ ಇಡಿಗಳನ್ನು ಕಟ್ಟುತ್ತದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬಲ್ಲಿ ಅವನೇ ಸರಿ.

ಈಗ ಧರ್ಮದ ಮಾತು. ಇಲ್ಲಿ ಸಾಕ್ಷ್ಯ ಅತ್ಯಂತ ಸ್ಪಷ್ಟವಾಗಿದೆ, ತಪ್ಪಿನ ಬೆಲೆಯೂ ಅತ್ಯಂತ ಹೆಚ್ಚು. ಮೂರು ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು: ಸಬ್‌ಸ್ಟನ್ಸ್, ಹೈಪಾಸ್ಟಸಿಸ್, ಅಂಡರ್‌ಸ್ಟ್ಯಾಂಡಿಂಗ್. ಮೊದಲನೆಯದು ಲ್ಯಾಟಿನ್: ಸಬ್ ಎಂದರೆ ಕೆಳಗೆ, ಸ್ಟನ್ಸ್ ಎಂದರೆ ನಿಲ್ಲುವಿಕೆ. ಎರಡನೆಯದು ಗ್ರೀಕ್: ಹೈಪೊ ಎಂದರೆ ಕೆಳಗೆ, ಸ್ಟಸಿಸ್ ಎಂದರೆ ನಿಲ್ಲುವಿಕೆ. ಮೂರನೆಯದು ಇಂಗ್ಲಿಷಿನದೇ, ಅದರಲ್ಲೂ ಅಂಡರ್ ಮತ್ತು ಸ್ಟ್ಯಾಂಡ್. ಆ ಅಂಡರ್‌ಗೆ ಹಿಂದೆ ‘ನಡುವೆ’ ಎಂಬ ಅರ್ಥವಿತ್ತು ಎನ್ನುವವರಿದ್ದಾರೆ, ಆದರೆ ಇಂದು ಕಲಿಯುವವನು ಕಾಣುವುದು ಅದೇ ‘ಕೆಳಗೆ’ಯನ್ನು. ತುಂಡುಗಳಿಂದ ನೋಡಿದರೆ ಮೂರೂ ಒಂದೇ ಪದ. ಆದರೆ ಒಂದಕ್ಕೆ ವಸ್ತುವಿನ ಸಾರ ಎಂದರ್ಥ, ಇನ್ನೊಂದಕ್ಕೆ ತಿಳುವಳಿಕೆ. ನಡುವಿನ ಹೈಪಾಸ್ಟಸಿಸ್ ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಪಡೆದ ಅರ್ಥ ಇನ್ನೂ ವಿಚಿತ್ರ. ತಂದೆ, ಮಗ, ಪವಿತ್ರಾತ್ಮ ಮೂವರಾಗಿದ್ದೂ ದೇವರು ಒಬ್ಬನೇ ಎಂಬ ತತ್ತ್ವವನ್ನು ಹೇಳಲು ಲ್ಯಾಟಿನ್ ಕ್ರೈಸ್ತರು ಟೆರ್ಟುಲಿಯನ್‌ನ ಕಾಲದಿಂದ ‘ಒಂದು ಸಬ್‌ಸ್ಟಾನ್ಷಿಯ, ಮೂರು ಪೆರ್ಸೊನ’ ಎನ್ನುತ್ತಿದ್ದರು. ಗ್ರೀಕ್ ಕ್ರೈಸ್ತರು ನಾಲ್ಕನೆಯ ಶತಮಾನದಲ್ಲಿ ‘ಒಂದು ಊಸಿಯ, ಮೂರು ಹೈಪಾಸ್ಟಸಿಸ್’, ಅಂದರೆ ಒಂದು ಸತ್ತ್ವ, ಮೂವರು ವ್ಯಕ್ತಿಗಳು, ಎನ್ನತೊಡಗಿದರು. ತುಂಡು ತುಂಡಾಗಿ ಅನುವಾದಿಸಿದರೆ ಗ್ರೀಕರ ಮೂರು ಹೈಪಾಸ್ಟಸಿಸ್ ಎಂದರೆ ಲ್ಯಾಟಿನ್ನಿನವರಿಗೆ ಮೂರು ಸಬ್‌ಸ್ಟನ್ಸ್, ಅಂದರೆ ಮೂವರು ಬೇರೆ ಬೇರೆ ದೇವರು. ಲ್ಯಾಟಿನ್ನಿನವರ ಒಂದು ಸಬ್‌ಸ್ಟನ್ಸ್ ಎಂದರೆ ಗ್ರೀಕರಿಗೆ ಒಂದೇ ಹೈಪಾಸ್ಟಸಿಸ್, ಅಂದರೆ ಮೂವರ ನಡುವಣ ಭೇದವನ್ನೇ ಅಳಿಸಿದ ಹಾಗೆ. ಒಂದೇ ತುಂಡುಗಳಿಂದಾದ ಎರಡು ಪದಗಳು ಒಂದೇ ಸಿದ್ಧಾಂತದಲ್ಲಿ ಒಂದು ‘ಒಬ್ಬ’ನ ಕಡೆಗೂ ಇನ್ನೊಂದು ‘ಮೂವರ’ ಕಡೆಗೂ ನಿಂತಿದ್ದವು. ಪರಸ್ಪರ ಪಾಷಂಡಿ ಎಂದು ಕರೆದುಕೊಳ್ಳಲು ಇಷ್ಟು ಸಾಕಾಗಿತ್ತು.

ಇದನ್ನು ಬಿಡಿಸಿದ್ದು ಪದಚ್ಛೇದವಲ್ಲ. 362ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಅಥನೇಸಿಯಸ್‌ನ ನೇತೃತ್ವದಲ್ಲಿ ಸಭೆ ಸೇರಿತು. ಮೂರು ಹೈಪಾಸ್ಟಸಿಸ್ ಎನ್ನುವವರನ್ನು ಕರೆದು ‘ಹೀಗೆಂದರೆ ನೀವು ಮೂವರು ದೇವರನ್ನು ಹೇಳುತ್ತಿದ್ದೀರಾ’ ಎಂದು ವಿಚಾರಿಸಲಾಯಿತು, ಅವರು ಇಲ್ಲವೆಂದರು. ಒಂದೇ ಹೈಪಾಸ್ಟಸಿಸ್ ಎನ್ನುವವರನ್ನು ಕರೆದು ‘ಮಗನೂ ಪವಿತ್ರಾತ್ಮನೂ ಬರೀ ಹೆಸರುಗಳು ಎನ್ನುತ್ತೀರಾ’ ಎಂದು ವಿಚಾರಿಸಲಾಯಿತು; ಅವರೂ ಇಲ್ಲವೆಂದರು. ಎರಡೂ ಕಡೆಯವರು ಒಂದೇ ಮಾತನ್ನು ನಂಬಿದ್ದಾರೆ ಎಂದು ಗೊತ್ತಾಯಿತು. ಆ ಸಭೆ ಕೇಳಿದ್ದು ಪದದ ಒಳಗೆ ಏನಿದೆ ಎಂದಲ್ಲ, ಈ ಪದದಿಂದ ನೀವು ಏನನ್ನು ಹೇಳುತ್ತೀರಿ, ಏನನ್ನು ಹೇಳುವುದಿಲ್ಲ ಎಂದು. ಧಾರ್ಮಿಕ ವಿವಾದಗಳ ಚರಿತ್ರೆಯಲ್ಲಿ ಇಷ್ಟು ವಿವೇಕದ ಗಳಿಗೆಗಳು ಹೆಚ್ಚಿಲ್ಲ. ಆ ಸಭೆಯ ಬಗ್ಗೆ ನನಗಿರುವ ಗೌರವವನ್ನು ಮುಚ್ಚಿಡಬೇಕಾಗಿಲ್ಲ. ಇಲ್ಲಿ ಯಾರಾದರೂ ಕೇಳಬಹುದು: ಹಾಗಿದ್ದರೆ ಹೊಮೊಊಸಿಯೊಸ್ ಮತ್ತು ಹೊಮೊಯ್ಊಸಿಯೊಸ್ ಎಂಬ ಎರಡು ಪದಗಳ ನಡುವೆ ಒಂದೇ ಗ್ರೀಕ್ ಅಕ್ಷರದ ವ್ಯತ್ಯಾಸಕ್ಕಾಗಿ ಅದೇ ಶತಮಾನ ಅಷ್ಟೊಂದು ಹೋರಾಡಿತಲ್ಲ? ಮೊದಲನೆಯದು ಮಗನು ತಂದೆಯ ಸತ್ತ್ವವೇ ಉಳ್ಳವನು ಎನ್ನುತ್ತದೆ, ಎರಡನೆಯದು ಅದರಂಥ ಸತ್ತ್ವ ಉಳ್ಳವನು ಎನ್ನುತ್ತದೆ. ತುಂಡಿನ ತೂಕಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬೇಕು, ಏಕೆಂದರೆ 325ರಲ್ಲಿ ನೈಸಿಯದ ಮಹಾಸಭೆ ನಂಬಿಕೆಯ ಸೂತ್ರವಾಗಿ ಎತ್ತಿಹಿಡಿದ ಹೊಮೊಊಸಿಯೊಸ್ ಎಂಬ ಇದೇ ಪದವನ್ನು 268ರಲ್ಲಿ ಅಂತಿಯೋಕ್ಯದ ಸಭೆ ಪೌಲ್ ಎಂಬ ಬಿಷಪ್ಪನ ವಿಚಾರಣೆಯಲ್ಲಿ ತಳ್ಳಿಹಾಕಿತ್ತು ಎಂದು ನಾಲ್ಕನೆಯ ಶತಮಾನದ ಬರಹಗಾರರು ಹೇಳುತ್ತಾರೆ. ‘ಒಂದೇ’ ಎಂಬ ತುಂಡು, ‘ಸತ್ತ್ವ’ ಎಂಬ ತುಂಡು, ಎರಡೂ ಕದಲದೆ ಇದ್ದಲ್ಲೇ ಇದ್ದವು. ಅವುಗಳಿಂದಾದ ಪದ ಒಂದು ಸಭೆಯಲ್ಲಿ ಪಾಷಂಡ, ಇನ್ನೊಂದು ಸಭೆಯಲ್ಲಿ ಶ್ರದ್ಧೆ. ಅಕ್ಷರ ಭೇದವನ್ನು ತೋರಿಸುವ ಗುರುತಾಗಬಲ್ಲದು. ಭೇದ ಯಾವುದು ಎಂದು ಹೇಳುವುದು ಅದಕ್ಕೆ ಸಾಧ್ಯವಿಲ್ಲ.

2011ರಲ್ಲಿ ಕ್ಯಾಥೊಲಿಕರ ಪೂಜಾವಿಧಿಯ ಹೊಸ ಇಂಗ್ಲಿಷ್ ಅನುವಾದ ಬಂದಾಗ ಇದೇ ಪ್ರಶ್ನೆ ಸಾಮಾನ್ಯ ಭಕ್ತರ ಬಾಯಿಗೂ ಬಂತು. ಅದುವರೆಗೆ ಮಗನು ತಂದೆಯೊಡನೆ ಸತ್ತೆಯಲ್ಲಿ ಒಂದೇ ಎಂದು ಸರಳ ಪದಗಳಲ್ಲಿ ಹೇಳುತ್ತಿದ್ದ ಜಾಗದಲ್ಲಿ ಕನ್‌ಸಬ್‌ಸ್ಟಾನ್ಷಿಯಲ್ ಎಂಬ ಪದ ಕೂತಿತು. ಅದನ್ನು ಬಿಡಿಸಿದರೆ ಕನ್, ಸಬ್, ಸ್ಟಾನ್, ಷಿಯಲ್, ಅಂದರೆ ‘ಜೊತೆಯಾಗಿ ಕೆಳಗೆ ನಿಂತಿರುವಂಥ’. ಈ ದಾರಿಯಲ್ಲಿ ಹೋದವನು ನಂಬಿಕೆಯ ಹತ್ತಿರಕ್ಕೂ ಬರಲಾರ. ಆ ಪದವನ್ನು ತಿಳಿಯಬೇಕಾದರೆ ನೈಸಿಯದಲ್ಲಿ ಏನನ್ನು ಅಲ್ಲಗಳೆಯಲಾಯಿತು ಎಂಬುದನ್ನು ತಿಳಿಯಬೇಕು.

ಇನ್ನು ಅಟೋನ್‌ಮೆಂಟ್. ಬಿಡಿಸಿದರೆ ತಾನೇ ಅರ್ಥ ಹೇಳುವ ಪದಕ್ಕೆ ಇದಕ್ಕಿಂತ ಚಂದದ ಉದಾಹರಣೆ ಇಂಗ್ಲಿಷಿನಲ್ಲಿಲ್ಲ. ಉಚ್ಚಾರ ಅದನ್ನು ಅ-ಟೋನ್-ಮೆಂಟ್ ಎಂದು ಮುಚ್ಚಿಡುತ್ತದೆ, ಆದರೆ ಅದು ನಿಜಕ್ಕೂ ಆಟ್-ಒನ್-ಮೆಂಟ್, ‘ಒಂದಾಗಿರುವಿಕೆ’. ವಿಲಿಯಂ ಟಿಂಡೇಲ್ 1526ರ ತನ್ನ ಹೊಸ ಒಡಂಬಡಿಕೆಯ ಅನುವಾದದಲ್ಲಿ ಇದನ್ನು ಬಳಸಿದ, ಯಾಜಕಕಾಂಡವನ್ನು ಅನುವಾದಿಸುವಾಗಲೂ ಬಳಸಿದ. ಪಾಪದಿಂದ ದೂರವಾದ ಮನುಷ್ಯ ದೇವರೊಡನೆ ಮತ್ತೆ ಒಂದಾಗುವುದೇ ಇದರ ಸಾರ ಎಂದು ಅನೇಕ ಪ್ರವಚನಕಾರರು ಈ ಪದವನ್ನು ಬಿಡಿಸಿ ವಿವರಿಸುತ್ತಾರೆ. ಭಾವ ಸುಂದರವಾಗಿದೆ. ಆದರೆ ಯಾಜಕಕಾಂಡದಲ್ಲಿ ಆ ಜಾಗದಲ್ಲಿರುವುದು ಹೀಬ್ರೂ ಭಾಷೆಯ ಕ-ಪ-ರ ಧಾತು. ವಿದ್ವಾಂಸರು ಅದಕ್ಕೆ ಮುಚ್ಚುವ ಅಥವಾ ಒರೆಸುವ ಅರ್ಥವನ್ನು ಹೇಳುತ್ತಾರೆ, ‘ಒಂದು’ ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ರೋಮನ್ನರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿರುವುದು ಗ್ರೀಕಿನ ಕತಲ್ಲಗೆ, ಅದರ ತುಂಡುಗಳು ಬದಲಾವಣೆಯನ್ನು, ವಿನಿಮಯವನ್ನು ಹೇಳುತ್ತವೆ. 1881ರಲ್ಲಿ ಇಂಗ್ಲಿಷ್ ಬೈಬಲ್ಲನ್ನು ಪರಿಷ್ಕರಿಸಿದವರು ಅಲ್ಲಿ ಅಟೋನ್‌ಮೆಂಟನ್ನು ತೆಗೆದು ರೆಕನ್ಸಿಲಿಯೇಶನ್ ಎಂದು ಹಾಕಿದರು. ಹೀಬ್ರೂವಿನ ತುಂಡು ಒರೆಸುತ್ತದೆ, ಗ್ರೀಕಿನದು ಬದಲಾಯಿಸುತ್ತದೆ, ಇಂಗ್ಲಿಷಿನದು ಒಂದುಗೂಡಿಸುತ್ತದೆ. ಇಂಗ್ಲಿಷಿನ ತುಂಡುಗಳಿಂದ ಮೋಶೆಯ ವಿಧಿಯನ್ನು ವಿವರಿಸುವವನು ಟಿಂಡೇಲ್‌ನ ಜಾಣ್ಮೆಯನ್ನು ವಿವರಿಸುತ್ತಿದ್ದಾನೆ, ವಿಧಿಯನ್ನಲ್ಲ.

ರಿಲಿಜನ್ ಎಂಬ ಪದಕ್ಕೇ ಇದೇ ಗತಿ. ಅದರ ಮೂಲವಾದ ಲ್ಯಾಟಿನ್ ಪದವನ್ನು ಸಿಸೆರೊ ‘ಮತ್ತೆ ಮತ್ತೆ ಪರಾಮರ್ಶಿಸುವುದು’ ಎಂಬ ಧಾತುವಿನಿಂದ ಬಿಡಿಸಿದ. ಅವನಿಗೆ ಧರ್ಮವೆಂದರೆ ಪೂಜೆಯ ವಿಧಿಗಳನ್ನು ಎಚ್ಚರದಿಂದ ನಡೆಸುವುದು. ಕ್ರೈಸ್ತನಾದ ಲ್ಯಾಕ್ಟಾನ್ಷಿಯಸ್ ಅವನನ್ನು ತಿದ್ದಿ ‘ಕಟ್ಟುವುದು’ ಎಂಬ ಧಾತುವಿನಿಂದ ಬಿಡಿಸಿದ. ಅವನಿಗೆ ಧರ್ಮವೆಂದರೆ ಮನುಷ್ಯನನ್ನು ದೇವರಿಗೆ ಕಟ್ಟುವ ಬಂಧ. ಅಗಸ್ಟೀನ್ ದೇವನಗರದ ಪುಸ್ತಕದಲ್ಲಿ ಮೂರನೆಯ ದಾರಿ ಹಿಡಿದು, ನಿರ್ಲಕ್ಷ್ಯದಿಂದ ಕಳೆದುಕೊಂಡ ದೇವರನ್ನು ಮರಳಿ ಆರಿಸಿಕೊಳ್ಳುವುದು ಎಂದ. ಪ್ರತಿಯೊಬ್ಬನೂ ತನ್ನ ಧರ್ಮವನ್ನು ಮೊದಲೇ ಬಲ್ಲವನಾಗಿದ್ದ, ಆಮೇಲೆ ಅದಕ್ಕೆ ಹೊಂದುವ ಜಾಗದಲ್ಲಿ ಪದವನ್ನು ಕತ್ತರಿಸಿದ. ನಮ್ಮ ನಿರುಕ್ತದಲ್ಲೂ ಇಂಥ ಚರ್ಚೆ ನಡೆದಿದೆ. ನಾಮಪದಗಳೆಲ್ಲ ಧಾತುಗಳಿಂದ ಹುಟ್ಟಿದವು ಎಂದ ಶಾಕಟಾಯನನಿಗೆ ಗಾರ್ಗ್ಯ ಕೇಳಿದ ಪ್ರಶ್ನೆ: ದಾರಿಯನ್ನು ವ್ಯಾಪಿಸುವುದರಿಂದ ಅಶ್ವ ಎನ್ನುವುದಾದರೆ, ದಾರಿಯಲ್ಲಿ ಹೋಗುವುದನ್ನೆಲ್ಲ ಅಶ್ವ ಎನ್ನಬೇಕಲ್ಲವೇ? ನಿರುಕ್ತವನ್ನು ಬರೆದ ಯಾಸ್ಕ ಶಾಕಟಾಯನನ ಕಡೆಗೆ ನಿಂತರೂ, ಮರ ಕೆತ್ತುವವರೆಲ್ಲ ಬಡಗಿ ಎನಿಸುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ನಂತರದ ಶಾಸ್ತ್ರಕಾರರು ಇದನ್ನೇ ಯೋಗ ಮತ್ತು ರೂಢಿ ಎಂದು ಹೆಸರಿಸಿ ಸ್ಪಷ್ಟ ಮಾಡಿದರು. ಪಾಚಕ ಎಂದರೆ ಅಡುಗೆ ಮಾಡುವವನು, ಅರ್ಥ ಅವಯವಗಳಿಂದಲೇ ಬರುತ್ತದೆ. ಪಂಕಜ ಕೆಸರಿನಲ್ಲಿ ಹುಟ್ಟಿದ್ದೇ ಆದರೂ ಕೆಸರಿನಲ್ಲಿ ಹುಟ್ಟಿದ ಹುಳುವಿಗೆ ಆ ಹೆಸರಿಲ್ಲ. ಮಂಟಪಕ್ಕೆ ಮೂಲವಾದ ಮಂಡಪ ಎಂಬುದನ್ನು ಬಿಡಿಸಿದರೆ ‘ಗಂಜಿಯ ತಿಳಿ ಕುಡಿಯುವವನು’ ಎಂದಾಗುತ್ತದೆ. ಅದನ್ನು ನಂಬಿ ಯಾರೂ ಮದುವೆ ಮಂಟಪಕ್ಕೆ ಗಂಜಿ ಹುಡುಕಿಕೊಂಡು ಹೋಗುವುದಿಲ್ಲ. ಯೋಗಕ್ಕೂ ರೂಢಿಗೂ ವಿರೋಧ ಬಂದಲ್ಲಿ ರೂಢಿಯೇ ಬಲವಾದದ್ದು ಎಂದು ಅವರು ತೀರ್ಮಾನಿಸಿದರು.

ಆಳವಾದ ಆಕ್ಷೇಪವೊಂದು ಉಳಿದಿದೆ. ರೂಢಿಯೇ ದೊಡ್ಡದು ಎಂದರೆ ಪದ ಜನರ ಕೈಗೆ ಸಿಕ್ಕಿ ಹೇಗೆ ಬೇಕಾದರೂ ಹೊರಳಬಹುದು. ಮೂಲಾರ್ಥವನ್ನು ಕಾಯುವುದಕ್ಕಾದರೂ ತುಂಡುಗಳು ಬೇಡವೇ? ಪ್ಲೇಟೋನ ಕ್ರಾಟಿಲಸ್ ಸಂವಾದದಲ್ಲಿ ಸಾಕ್ರಟೀಸ್ ಹೆಸರುಗಳನ್ನು ಬಿಡಿಸುತ್ತ ಬಿಡಿಸುತ್ತ ಒಂದೊಂದು ಅಕ್ಷರದವರೆಗೂ ಹೋಗುತ್ತಾನೆ, ಕೊನೆಗೆ ವಸ್ತುಗಳನ್ನು ಹೆಸರುಗಳಿಂದ ಕಲಿಯುವುದಕ್ಕಿಂತ ವಸ್ತುಗಳಿಂದಲೇ ಕಲಿಯುವುದು ಮೇಲು ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ಹೆಸರಿಟ್ಟವನೂ ತಪ್ಪಿರಬಹುದು ಎಂಬುದು ಅವನು ಕೊಡುವ ಕಾರಣ, ಅದು ಸಾಕಾದ ಕಾರಣ. ತುಂಡುಗಳು ಕಾಪಾಡುವುದು ಪದ ಕಟ್ಟಿದ ದಿನದ ಒಬ್ಬನ ಊಹೆಯನ್ನು. ಅದು ಚರಿತ್ರೆಗೆ ಬೆಲೆಯುಳ್ಳದ್ದು, ಆದರೆ ಆ ಊಹೆಯೇ ವಸ್ತುವಿನ ಸತ್ಯ ಎನ್ನಲು ಆಧಾರವಿಲ್ಲ.

ಶಂಕರಾಚಾರ್ಯರ ಆಕ್ಷೇಪ ಇನ್ನೊಂದು ಬಗೆಯದು. ಬ್ರಹ್ಮಸೂತ್ರದ ಮೊದಲ ಅಧ್ಯಾಯದ ಮೂರನೆಯ ಪಾದದ ಭಾಷ್ಯದಲ್ಲಿ ಅವರು ಸ್ಫೋಟವನ್ನು ಒಪ್ಪದೆ, ವರ್ಣಗಳೇ ಶಬ್ದ ಎಂಬ ಉಪವರ್ಷರ ಮತವನ್ನು ಹಿಡಿಯುತ್ತಾರೆ. ಇರುವೆಗಳು ಕ್ರಮವಾಗಿ ಹೋದಾಗ ಸಾಲು ಎಂಬ ಬುದ್ಧಿ ಹುಟ್ಟುತ್ತದೆ. ಇರುವೆಗಳನ್ನು ಬಿಟ್ಟು ಸಾಲು ಎಂಬ ಬೇರೆ ವಸ್ತುವಿಲ್ಲ. ಹಾಗೆಯೇ ಕ್ರಮದಲ್ಲಿ ಬಂದ ವರ್ಣಗಳನ್ನು ಬಿಟ್ಟು ಅವುಗಳ ಹಿಂದೆ ಅಖಂಡವಾದ ಇನ್ನೊಂದನ್ನು ಕಲ್ಪಿಸುವುದು ಅನವಶ್ಯಕ. ಈ ಮಾತನ್ನು ನಾನು ಒಪ್ಪುತ್ತೇನೆ. ಇಡಿ ಎಂದರೆ ಬಿಡಿಗಳ ಹಿಂದೆ ಅಡಗಿದ ಯಾವುದೋ ನಿಗೂಢ ಪದಾರ್ಥವಾಗಬೇಕಿಲ್ಲ. ಆದರೆ ಶಂಕರರೇ ಮುಂದುವರಿದು, ವೃದ್ಧವ್ಯವಹಾರದಲ್ಲಿ, ಎಂದರೆ ಹಿರಿಯರು ಬಳಸುವುದನ್ನು ಕಂಡು, ಇಂಥ ಕ್ರಮದ ವರ್ಣಗಳಿಗೆ ಇಂಥ ಅರ್ಥ ಎಂದು ಗ್ರಹಿಸುತ್ತೇವೆ ಎನ್ನುತ್ತಾರೆ. ಅರ್ಥ ಬರುವ ದಾರಿ ಅದೇ, ನಾನು ಇಡಿ ಎಂದು ಕರೆದದ್ದೂ ಅದನ್ನೇ: ಜನರ ನಡುವೆ ಕೆಲಸದಲ್ಲಿರುವ ಪೂರ್ತಿ ಪದ. ವರ್ಣಗಳಿಗೆ ಬಳಕೆಯಿಂದ ಅರ್ಥ ಬರುವುದಾದರೆ ಉಪಸರ್ಗಕ್ಕೂ ಪ್ರತ್ಯಯಕ್ಕೂ ಬೇರೆ ಮೂಲ ಹುಡುಕಬೇಕಾಗಿಲ್ಲ.

ಹೀಗಿರುವಾಗ ಮಕ್ಕಳಿಗೆ ಉದ್ದ ಪದಗಳನ್ನು ಬಿಡಿಸಿ ಕಲಿಸುವುದನ್ನು ಬಿಡಬೇಕೆಂದೇನೂ ಇಲ್ಲ. ಓದುವುದಕ್ಕೂ ಕಾಗುಣಿತಕ್ಕೂ ಅದರಷ್ಟು ನೆರವಾಗುವುದು ಕಡಿಮೆ. ಬದಲಾಗಬೇಕಾದದ್ದು ಕ್ರಮ. ‘ಸಬ್ ಎಂದರೆ ಕೆಳಗೆ’ ಎಂಬ ಪಟ್ಟಿಯಿಂದ ಹೊರಟ ಮಗು ಸಬ್‌ವೇಯನ್ನು ತಿಳಿದೀತು, ಸಬ್‌ಜೆಕ್ಟ್‌ನಲ್ಲಿ ಮುಗ್ಗರಿಸುತ್ತದೆ, ಸಬ್‌ಸ್ಟನ್ಸ್‌ನಲ್ಲಿ ದಾರಿ ತಪ್ಪುತ್ತದೆ. ಅದೇ ಮಗು ಸಬ್‌ವೇ, ಸಬ್‌ಮರೀನ್, ಸಬ್‌ಇನ್‌ಸ್ಪೆಕ್ಟರ್ ಎಂಬವನ್ನು ಮಾತಿನಲ್ಲಿ, ಸನ್ನಿವೇಶದಲ್ಲಿ ಕಂಡು, ಇವುಗಳಲ್ಲಿ ಸಮಾನವಾದದ್ದೇನು ಎಂದು ತಾನೇ ಹೆಕ್ಕಿಕೊಂಡರೆ, ಆ ತುಂಡು ಎಲ್ಲಿ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೂ ಅದಕ್ಕೆ ಜೊತೆಯಲ್ಲೇ ತಿಳಿಯುತ್ತದೆ. ಧರ್ಮಗ್ರಂಥವನ್ನು ಓದುವ ದೊಡ್ಡವರಿಗೂ ಈ ಕ್ರಮವೇ ಸಲ್ಲುತ್ತದೆ. ಪದ ಯಾವ ವಾಕ್ಯದಲ್ಲಿದೆ, ಯಾರು ಯಾರಿಗೆ ಹೇಳಿದ್ದು, ಯಾವ ವಿಧಿಯಲ್ಲಿ, ಯಾವ ವಿವಾದದಲ್ಲಿ ಬಂದದ್ದು ಎಂಬುದನ್ನು ಮೊದಲು ನೋಡಬೇಕು. ಧಾತು, ಉಪಸರ್ಗ, ಪ್ರತ್ಯಯಗಳ ವಿಚಾರ ಅದಾದ ಮೇಲೆ.